ಹವ್ಯಾಸಿಗಳ ಕೋಡ್ ಕಂಪನಿಗಳೊಳಗೆ ಹೋಗುವ ದಾರಿ

ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ ಓದಿದ ನಮಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹೊಸತಲ್ಲ. ಐಟಿ ಲ್ಯಾಬಿನಲ್ಲಿ ಕೇರಳ ಸರ್ಕಾರದ ಶಾಲಾ ಐಟಿ ಸಂಸ್ಥೆ ಕೈಟ್‌ನವರ ಉಬುಂಟು ಎಂಬ ಲಿನಕ್ಸಿನಲ್ಲೇ ಕೈ ಪಳಗಿಸಿಕೊಂಡವರು ನಾವು. ಆದರೆ ಮಂಗಳೂರಿಗೆ ಕಾಲೇಜಿಗೆ ಹೋದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಪುಕ್ಕಟೆ ಸಿಸ್ಟಮ್ ಕಲಿತು ಏನು ಮಾಡ್ತೀರಿ, ಕೆಲಸ ಇರುವುದು ಕಂಪನಿಗಳ ಸಾಫ್ಟ್‌ವೇರಿನಲ್ಲಿ ಅಲ್ವಾ ಅಂತ.

ಇದಕ್ಕೆ ಎಲ್ಲರೂ ಲಿನಕ್ಸ್ ಕಥೆಯನ್ನೇ ಹೇಳುತ್ತಾರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆ ಶುರು ಮಾಡಿದ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು, ಈಗ ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಸರಿಯೇ. ಆದರೆ ಇವತ್ತು ಅದಕ್ಕೆ ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಕಂಪನಿಗಳಿಂದ ಸಂಬಳ ತೆಗೆದುಕೊಳ್ಳುವವರು, ಹಾಗಾಗಿ ನನ್ನ ಪ್ರಕಾರ ಓಪನ್‌ಬಿಎಸ್‌ಡಿ ಇನ್ನೂ ಒಳ್ಳೆಯ ಉದಾಹರಣೆ. 1995ರಲ್ಲಿ ಥಿಯೋ ಡಿ ರಾಟ್ ಕೆನಡಾದಿಂದ ಶುರು ಮಾಡಿದ ಇನ್ನೊಂದು ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಅದು. ಅದನ್ನು ಬಳಸುವವರು ಕಡಿಮೆ. ಆದರೂ ಅದರ ತುಂಡುಗಳು ಎಲ್ಲಾ ಕಡೆ ಇವೆ.

ಒಂದು ಕೆಲಸ ಮಾಡಿ. ಯಾರದ್ದಾದರೂ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಸ್‌ಎಚ್ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಮೈನಸ್ ಮತ್ತು ಕ್ಯಾಪಿಟಲ್ ವಿ ಹಾಕಿ ಎಂಟರ್ ಒತ್ತಿ. ಓಪನ್‌ಎಸ್‌ಎಸ್‌ಎಚ್ ಅಂತ ಬರುತ್ತದೆ. ಮ್ಯಾಕ್‌ನಲ್ಲೂ ಅದೇ, ಶಾಲೆಯ ಉಬುಂಟುವಿನಲ್ಲೂ ಅದೇ. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಈ ಪ್ರೋಗ್ರಾಮನ್ನು 1999ರಲ್ಲಿ ಕೊಟ್ಟವರು ಓಪನ್‌ಬಿಎಸ್‌ಡಿಯವರು. ಪಕ್ಕದಲ್ಲಿ ಲಿಬ್ರೆಎಸ್‌ಎಸ್‌ಎಲ್ ಅಂತ ಕಂಡರೆ ಅದೂ ಅವರದೇ, 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ಭದ್ರತಾ ದೋಷದ ಗಲಾಟೆ ಆದ ಮೇಲೆ, ಆ ದೋಷವಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ನ ಹಳೇ ಕೋಡನ್ನು ಗುಡಿಸಿ ಒರೆಸಿ ಮಾಡಿದ್ದು.

ಕಂಪನಿಗಳು ಇದನ್ನು ಅಷ್ಟು ಸಲೀಸಾಗಿ ಎತ್ತಿಕೊಂಡದ್ದಕ್ಕೆ ಲೈಸೆನ್ಸ್ ದೊಡ್ಡ ಕಾರಣ. ಲಿನಕ್ಸ್‌ನ ಜಿಪಿಎಲ್ ಎಂಬ ಲೈಸೆನ್ಸ್ ಪ್ರಕಾರ, ಕರ್ನಲ್ ಬದಲಾಯಿಸಿ ಫೋನಿನಲ್ಲಿ ಹಾಕಿ ಮಾರಿದರೆ ಆ ಸೋರ್ಸ್ ಕೋಡ್ ಕೊಡಲೇಬೇಕು. ಓಪನ್‌ಬಿಎಸ್‌ಡಿಯವರ ಬಿಎಸ್‌ಡಿ ಮಾದರಿಯ ಲೈಸೆನ್ಸಿನಲ್ಲಿ ಆ ತಾಪತ್ರಯ ಇಲ್ಲ, ಹಕ್ಕುಸ್ವಾಮ್ಯದ ಸೂಚನೆಯನ್ನು ಹಾಗೇ ಉಳಿಸಿಕೊಂಡರೆ ಸಾಕು. ಸೋನಿಯ ಪ್ಲೇಸ್ಟೇಷನ್ 4 ಅದೇ ಬಗೆಯ ಲೈಸೆನ್ಸಿನ ಫ್ರೀಬಿಎಸ್‌ಡಿ ಎಂಬ ಸಿಸ್ಟಮ್ ಮೇಲೆ ನಿಂತಿರುವುದೂ ಹೀಗೇ. ಕೋಡ್ ವಾಪಸ್ ಕೊಡಬೇಕಿಲ್ಲ, ದುಡ್ಡಂತೂ ಇಲ್ಲವೇ ಇಲ್ಲ.

ಅದರ ಪರಿಣಾಮ ನೋಡಿ. ಲೋಕದ ಅಸಂಖ್ಯ ಸರ್ವರ್‌ಗಳು ಓಪನ್‌ಎಸ್‌ಎಸ್‌ಎಚ್ ಓಡಿಸುತ್ತಿದ್ದ ಹೊತ್ತಿಗೆ, 2014ರ ಶುರುವಿನಲ್ಲಿ, ಓಪನ್‌ಬಿಎಸ್‌ಡಿಯವರು ತಮ್ಮ ಯಂತ್ರಗಳ ಕರೆಂಟ್ ಬಿಲ್ ಕಟ್ಟಲು ದುಡ್ಡಿಲ್ಲ ಅಂತ ಎಲ್ಲರೆದುರು ಕೈಚಾಚಬೇಕಾಯಿತು! 2015ರಲ್ಲಿ ಮೈಕ್ರೋಸಾಫ್ಟ್ ಅವರ ಫೌಂಡೇಶನ್ನಿಗೆ ದೇಣಿಗೆ ಕೊಟ್ಟಿತು. ಸುಮ್ನೆ ಕೊಟ್ಟದ್ದೇನಲ್ಲ, ಎಸ್‌ಎಸ್‌ಎಚ್ ಅನ್ನು ವಿಂಡೋಸ್‌ಗೆ ತರುವ ಕೆಲಸ ಆಗಲೇ ಅಲ್ಲಿ ಶುರುವಾಗಿತ್ತು. 2018ರಲ್ಲಿ ವಿಂಡೋಸ್ 10ರ ಜೊತೆಗೇ ಬಂತು.

ಇನ್ನೊಂದು ದಾರಿಯಲ್ಲಿ ಹೋಗುವುದು ಕೋಡ್ ಅಲ್ಲ, ಬರೀ ಯೋಚನೆ. ಪ್ರೋಗ್ರಾಮ್ ಪ್ರತಿ ಸಲ ಮೆಮೊರಿಯ ಅದೇ ಜಾಗದಲ್ಲಿ ಕೂತರೆ ದಾಳಿ ಮಾಡುವವನಿಗೆ ಸುಲಭ, ಮನೆಯ ಬೀಗದಕೈ ಯಾವಾಗಲೂ ಒಂದೇ ಚಟ್ಟಿಯ ಅಡಿಯಲ್ಲಿ ಇಟ್ಟ ಹಾಗೆ. ಜಾಗವನ್ನು ಪ್ರತಿ ಸಲ ಬದಲಾಯಿಸುವ ಈ ಉಪಾಯಕ್ಕೆ ಎಎಸ್‌ಎಲ್‌ಆರ್ ಎನ್ನುತ್ತಾರೆ. 2001ರಲ್ಲಿ ಪ್ಯಾಕ್ಸ್ ಎಂಬ ತಂಡ, ಯಾರ ನಿಜ ಹೆಸರೂ ಹೇಳದೆ, ಲಿನಕ್ಸ್‌ಗೆ ಇದರ ಪ್ಯಾಚ್ ಬರೆಯಿತು. 2003ಕ್ಕೆ ಓಪನ್‌ಬಿಎಸ್‌ಡಿಯಲ್ಲಿ ತಾನಾಗಿಯೇ ಆನ್ ಆಗಿ ಬಂತು. ವಿಂಡೋಸ್ ವಿಸ್ಟಾ ಅಂಗಡಿಗೆ ಬಂದದ್ದು 2007ರಲ್ಲಿ, ಅದರಲ್ಲಿ ಇದಿತ್ತು. ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಬರುವಾಗ 2011 ಆಗಿತ್ತು.