ಮೆಟಾಟ್ರೇಡರ್ ಬಿಟ್ಟರೆ ಬೇರೆ ಯಾವುದು ಅಂತ ಕೇಳುವವರಿಗೆ

"ಸರ್, ಮೆಟಾಟ್ರೇಡರ್ 4 ಹಳೇದಾಯ್ತು, ಬೇರೆ ಯಾವುದು ಒಳ್ಳೇದು ಹೇಳಿ." ಮುಂಬಯಿಯಲ್ಲಿ ಕರೆನ್ಸಿ ಡೆಸ್ಕಿನಲ್ಲಿ ಕೂರುವ ನನ್ನಂಥವರಿಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮೆಟಾಟ್ರೇಡರ್ ಅಂದರೆ ಕರೆನ್ಸಿ ಚಾರ್ಟ್ ನೋಡಿ ಆರ್ಡರ್ ಹಾಕುವ ಸಾಫ್ಟ್‌ವೇರ್. ಕೇಳುವವರು ಠಾಣೆಯ ಐಟಿ ಹುಡುಗರು, ವಾಶಿಯಲ್ಲಿ ಮಸಾಲೆ ರಫ್ತು ಮಾಡುವವರು, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಗಲ್ಲಾದಲ್ಲೇ ಕೂತು ಚಾರ್ಟ್ ನೋಡುವ ನಮ್ಮ ಉಡುಪಿ ಕಡೆಯ ಹೋಟೆಲಿನವರು. ಎಲ್ಲರಿಗೂ ಬೇಕಾದದ್ದು ಒಂದು ಸಾಫ್ಟ್‌ವೇರ್ ಹೆಸರು. ನಾನು ಮೊದಲು ಕೇಳುವುದು ಬೇರೆ. ನೀವು ಬಟನ್ ಒತ್ತಿದ ಮೇಲೆ ಆ ಆರ್ಡರ್ ಯಾರ ಹತ್ತಿರ ಹೋಗುತ್ತದೆ?

ಇದನ್ನು ಯೋಚಿಸಿದವರು ಕಡಿಮೆ. ಮೆಟಾಟ್ರೇಡರ್ ಅಂದರೆ ಮಾರುಕಟ್ಟೆ ಅಂತಲೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ಮೆಟಾಕೋಟ್ಸ್ ಕಂಪನಿ 2005ರಲ್ಲಿ ನಾಲ್ಕನೇ ಆವೃತ್ತಿ ತಂದಿತು, 2010ರಲ್ಲಿ ಐದನೆಯದು. ಅದರ ಪಕ್ಕದಲ್ಲೇ ಸೈಪ್ರಸ್‌ನ ಸ್ಪಾಟ್‌ವೇರ್ ಕಂಪನಿಯ ಸಿಟ್ರೇಡರ್ ಇದೆ, ನೋಡಲು ಚೆಂದ, ಯಾವ ಬೆಲೆಗೆ ಎಷ್ಟು ಮಾಲು ನಿಂತಿದೆ ಅಂತ ಡೆಪ್ತ್ ಕೂಡ ತೋರಿಸುತ್ತದೆ. ಆದರೆ ಇವನ್ನೆಲ್ಲ ಕೊಳ್ಳುವುದು ಬ್ರೋಕರ್. ಸರ್ವರ್ ಅವನ ಕೈಯಲ್ಲಿ. ದರ, ಸ್ಪ್ರೆಡ್ (ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರ) ಎಲ್ಲ ಅವನ ಸೆಟ್ಟಿಂಗ್. ಮೆಟಾಟ್ರೇಡರ್ 4ರಲ್ಲಿ ಆರ್ಡರನ್ನು ಸ್ವಲ್ಪ ತಡಮಾಡಿ ತುಂಬುವ ಪ್ಲಗಿನ್ ಬ್ರೋಕರ್ ಕಡೆಗೆ ಸಿಗುತ್ತಿತ್ತು ಅನ್ನುವುದು ಈ ಲೈನಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹಾಗಾಗಿ ಬ್ರೋಕರ್ ಅವನೇ ಇದ್ದು ಸಾಫ್ಟ್‌ವೇರ್ ಮಾತ್ರ ಬದಲಾದರೆ, ಬದಲಾಗುವುದು ಬಣ್ಣ ಅಷ್ಟೇ.

ಇನ್ನು ಕಾನೂನು. ಇದು ಬೋರಿಂಗ್ ಅನ್ನಿಸಬಹುದು, ಆದರೆ ನಮ್ಮ ದೇಶದಲ್ಲಿ ಕೂತು ಟ್ರೇಡ್ ಮಾಡುವವರ ಆಯ್ಕೆ ಅರ್ಧ ಮುಗಿಯುವುದೇ ಇಲ್ಲಿ. 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಪ್ರಕಾರ ನಾವು ಅನುಮತಿ ಇರುವವರ ಜೊತೆ ಅಥವಾ ಮಾನ್ಯತೆ ಇರುವ ಎಕ್ಸ್‌ಚೇಂಜಿನಲ್ಲಿ ಮಾತ್ರ ಕರೆನ್ಸಿ ವ್ಯವಹಾರ ಮಾಡಬೇಕು. ವಿದೇಶಿ ಬ್ರೋಕರ್‌ಗೆ ಮಾರ್ಜಿನ್ ದುಡ್ಡು, ಅಂದರೆ ಟ್ರೇಡ್‌ಗೆ ಇಡುವ ಠೇವಣಿ, ಕಳಿಸುವಂತಿಲ್ಲ. ಮಕ್ಕಳ ಓದಿಗೆ, ಪ್ರವಾಸಕ್ಕೆ ಹಣ ಕಳಿಸಲು ಇರುವ ಎಲ್‌ಆರ್‌ಎಸ್ ದಾರಿಯಲ್ಲೂ ಇಲ್ಲ. ಸಿಕ್ಕಿಬಿದ್ದರೆ ಆ ಮೊತ್ತದ ಮೂರು ಪಟ್ಟಿನವರೆಗೂ ದಂಡ ಬೀಳಬಹುದು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹೊರಡಿಸಿತು, ಮುಂದಿನ ವರ್ಷದ ನವೆಂಬರ್ ಹೊತ್ತಿಗೆ ಅದು 75 ಆಯಿತು. "ನಮ್ಮ ಬ್ರೋಕರ್ ಹೆಸರು ಆ ಪಟ್ಟಿಯಲ್ಲಿ ಇಲ್ವಲ್ಲಾ" ಅಂತ ಖುಷಿಪಡುವವರಿದ್ದಾರೆ. ಪಟ್ಟಿಯಲ್ಲಿ ಇಲ್ಲ ಅಂದರೆ ಅನುಮತಿ ಇದೆ ಅಂತ ಅಲ್ಲ. ಅದನ್ನು ರಿಸರ್ವ್ ಬ್ಯಾಂಕೇ ಬಿಡಿಸಿ ಹೇಳಿದೆ. ಅನುಮತಿ ಇರುವ ಪ್ಲಾಟ್‌ಫಾರ್ಮ್‌ಗಳ ಪಟ್ಟಿ ಬೇರೆಯೇ ಇದೆ, ನೋಡಬೇಕಾದ್ದು ಅದನ್ನು.

ಹಾಗಾದರೆ ಉಳಿದದ್ದೇನು? ಒಂದು, ಎನ್‌ಎಸ್‌ಇಯಂಥ ಎಕ್ಸ್‌ಚೇಂಜಿನ ಕರೆನ್ಸಿ ಫ್ಯೂಚರ್ಸ್ ಮತ್ತು ಆಪ್ಶನ್ಸ್. ಮುಂದಿನ ದಿನಕ್ಕೆ ಈಗಲೇ ದರ ಗೊತ್ತುಮಾಡುವ ಕರಾರು ಫ್ಯೂಚರ್ಸ್, ಆ ದರದಲ್ಲಿ ಕೊಳ್ಳುವ ಅಥವಾ ಮಾರುವ ಹಕ್ಕು ಮಾತ್ರ ಕೊಡುವುದು ಆಪ್ಶನ್ಸ್. ಫ್ಯೂಚರ್ಸ್ 2008ರ ಆಗಸ್ಟ್‌ನಲ್ಲಿ ಶುರುವಾಯಿತು, ಆಪ್ಶನ್ಸ್ ಆಮೇಲೆ ಬಂತು. ಇಲ್ಲೂ 2024ರ ಮೇ 3ರಿಂದ ಗಾಳಿ ಬದಲಾಯಿತು. ನಿಮಗೆ ನಿಜವಾಗಿಯೂ ವಿದೇಶಿ ಹಣದ ಲೆಕ್ಕ, ಅಂದರೆ ಬರಬೇಕಾದ ಅಥವಾ ಕೊಡಬೇಕಾದ ಡಾಲರ್, ಇದ್ದರೆ ಮಾತ್ರ ಪೊಸಿಷನ್ (ಕೊಂಡ ಅಥವಾ ಮಾರಿದ ಸೌದಾ) ತೆಗೆದುಕೊಳ್ಳಿ ಅನ್ನುವುದು ನಿಯಮ. 10 ಕೋಟಿ ಡಾಲರ್‌ವರೆಗೆ ಕಾಗದಪತ್ರ ತೋರಿಸಬೇಕಿಲ್ಲ, ಆದರೆ ವ್ಯವಹಾರ ಇರಲೇಬೇಕು. ಸುಮ್ನೆ ಏರುತ್ತೆ ಇಳಿಯುತ್ತೆ ಅಂತ ಆಡುತ್ತಿದ್ದವರು ಹೊರಟುಹೋದರು, ವಹಿವಾಟು ಬಹಳ ಕುಸಿಯಿತು. ನನ್ನ ಕೇಳಿದರೆ, ಗಲ್ಲಾದಲ್ಲಿ ಕೂತ ಹೋಟೆಲಿನವರಿಗೆ ಈ ಆಟವೇ ಬೇಡ. ವಾಶಿಯ ರಫ್ತುದಾರರಿಗೆ ಬೇಕು.

ಡಾಲರ್ ಬರುತ್ತೆ, ಅದನ್ನು ಒಳ್ಳೇ ದರಕ್ಕೆ ಮಾರಬೇಕು ಅಷ್ಟೇ ಅನ್ನುವವರಿಗೆ ಫ್ಯೂಚರ್ಸ್ ಕೂಡ ಬೇಕಿಲ್ಲ. ಅವರಿಗೆ ಎರಡನೇ ದಾರಿ, ಎಫ್‌ಎಕ್ಸ್-ರಿಟೇಲ್ ಅನ್ನುವ ಪ್ಲಾಟ್‌ಫಾರ್ಮ್. ದಾದರ್‌ನಲ್ಲಿ ಕಚೇರಿ ಇರುವ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಇದನ್ನು 2019ರ ಆಗಸ್ಟ್‌ನಿಂದ ನಡೆಸುತ್ತಿದೆ. ನಿಮ್ಮ ಬ್ಯಾಂಕ್ ಮೂಲಕ ನೋಂದಾಯಿಸಿಕೊಂಡರೆ ಮಾರುಕಟ್ಟೆಯ ದರ ನಿಮ್ಮ ಕಣ್ಣೆದುರೇ ಕಾಣುತ್ತದೆ, ಅದೇ ದರದಲ್ಲಿ ಆರ್ಡರ್ ಹಾಕುತ್ತೀರಿ, ಬ್ಯಾಂಕ್ ತನ್ನ ಶುಲ್ಕವನ್ನು ಮೊದಲೇ ಹೇಳಿ ಬೇರೆಯಾಗಿ ತೆಗೆದುಕೊಳ್ಳುತ್ತದೆ. ಶಾಖೆಗೆ ಫೋನ್ ಮಾಡಿ "ಇವತ್ತು ಎಷ್ಟು ಕೊಡ್ತೀರಿ ಸಾರ್" ಅಂತ ಕೇಳಿ, ಅವರು ಹೇಳಿದ್ದಕ್ಕೆ ಹೂಂ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ. ಬ್ಯಾಂಕಿನವರು ತಾವಾಗಿ ಇದರ ಸುದ್ದಿ ಎತ್ತುವುದಿಲ್ಲ, ಅದು ಸಹಜವೇ ಅಲ್ವಾ.

ಸರಿ, ಎಕ್ಸ್‌ಚೇಂಜ್ ಟರ್ಮಿನಲ್ಲೇ ಬೇಕು ಅನ್ನೋಣ. ಮೆಟಾಟ್ರೇಡರ್‌ನಿಂದ ಬರುವವರಿಗೆ ಮೊದಲ ಪೆಟ್ಟು ಲಾಟ್‌ನಲ್ಲಿ. ಅಲ್ಲಿ 1 ಅಂತ ಟೈಪ್ ಮಾಡಿದರೆ ಒಂದು ಲಕ್ಷ ಯೂನಿಟ್. ಇಲ್ಲಿ ಡಾಲರ್-ರೂಪಾಯಿಯಲ್ಲಿ ಒಂದು ಲಾಟ್ ಅಂದರೆ 1000 ಡಾಲರ್, ದರದ ಕನಿಷ್ಠ ಚಲನೆ 0.0025 ರೂಪಾಯಿ, ಅಂದರೆ ಒಂದು ಲಾಟ್‌ಗೆ ಎರಡೂವರೆ ರೂಪಾಯಿ. ಯೆನ್‌ನಲ್ಲಿ ಒಂದು ಲಾಟ್ ಒಂದು ಲಕ್ಷ ಯೆನ್, ದರ ಹೇಳುವುದು ಮಾತ್ರ 100 ಯೆನ್‌ಗೆ. ಟರ್ಮಿನಲ್ ಈ ಲೆಕ್ಕವನ್ನು ಆರ್ಡರ್ ಕಳಿಸುವ ಮುಂಚೆ ರೂಪಾಯಿಯಲ್ಲಿ ತೋರಿಸುತ್ತದೆಯೇ ನೋಡಿ. ತೋರಿಸದಿದ್ದರೆ ನನ್ನ ಮಟ್ಟಿಗೆ ಆ ಟರ್ಮಿನಲ್ ಬೇಡ.

ಎರಡನೆಯದು ಇನ್ನೂ ಮುಖ್ಯ, ಸ್ಟಾಪ್ ಲಾಸ್, ಅಂದರೆ ನಷ್ಟ ಇಷ್ಟಕ್ಕೆ ನಿಲ್ಲಲಿ ಅಂತ ಮೊದಲೇ ಹಾಕಿಡುವ ಆರ್ಡರ್. ಮೆಟಾಟ್ರೇಡರ್‌ನಲ್ಲಿ ಒಮ್ಮೆ ಹಾಕಿದ ಸ್ಟಾಪ್ ಬ್ರೋಕರ್ ಸರ್ವರ್‌ನಲ್ಲಿ ದಿನಗಟ್ಟಲೆ ಕೂತಿರುತ್ತದೆ. ಆದರೆ ಅದೇ ಮೆಟಾಟ್ರೇಡರ್ 4ರ ಟ್ರೇಲಿಂಗ್ ಸ್ಟಾಪ್ (ಲಾಭದ ಕಡೆಗೆ ದರದ ಹಿಂದೆ ತಾನೇ ಸರಿಯುವ ಸ್ಟಾಪ್) ಓಡುವುದು ನಿಮ್ಮ ಕಂಪ್ಯೂಟರಿನಲ್ಲಿ, ಕಂಪ್ಯೂಟರ್ ಆಫ್ ಮಾಡಿದರೆ ಸ್ಟಾಪ್ ಮುಂದೆ ಸರಿಯುವುದೇ ಇಲ್ಲ! ಎಷ್ಟೋ ವರ್ಷ ಬಳಸಿದವರಿಗೂ ಇದು ಗೊತ್ತಿರುವುದಿಲ್ಲ. ನಮ್ಮ ಎಕ್ಸ್‌ಚೇಂಜಿನಲ್ಲಿ ಸ್ಟಾಪ್ ಲಾಸ್ ಆರ್ಡರ್ ಆ ದಿನದ್ದು ಮಾತ್ರ. ಸಂಜೆ ಐದಕ್ಕೆ ಮಾರುಕಟ್ಟೆ ಮುಚ್ಚಿತು, ಆರ್ಡರೂ ಹೋಯಿತು. ರಾತ್ರಿ ಲಂಡನ್, ದುಬೈ, ಸಿಂಗಪುರದಲ್ಲಿ ರೂಪಾಯಿ ಏನಾದರೂ ಆಗಲಿ, ಬೆಳಿಗ್ಗೆ ಒಂಬತ್ತಕ್ಕೆ ನೀವು ಬರೀ ಕೈಯಲ್ಲಿ ನಿಂತಿರುತ್ತೀರಿ. ಕೆಲವು ಬ್ರೋಕರ್‌ಗಳು ಜಿಟಿಟಿ ಅಂತ ದೀರ್ಘಾವಧಿ ಆರ್ಡರ್ ಕೊಡುತ್ತಾರೆ. ಅದು ಇರುವುದು ಎಕ್ಸ್‌ಚೇಂಜಿನಲ್ಲಲ್ಲ, ಬ್ರೋಕರ್ ಹತ್ತಿರ. ದರ ಮುಟ್ಟಿದಾಗ ಮಾತ್ರ ಅಲ್ಲಿಂದ ಹೊರಡುತ್ತದೆ. ಕರೆನ್ಸಿಗೂ ಅದು ಇದೆಯೇ, ಬರೀ ಷೇರಿಗೋ ಅಂತ ಖಾತೆ ತೆರೆಯುವ ಮುಂಚೆ ಕೇಳಿ.

ಚಾರ್ಟ್ ವಿಷಯದಲ್ಲಿ ಎಲ್ಲರೂ ಟ್ರೇಡಿಂಗ್‌ವ್ಯೂ ವೆಬ್‌ಸೈಟ್ ಬಳಸುತ್ತಾರೆ, ನಾನೂ ಬಳಸುತ್ತೇನೆ. ಒಂದೇ ಎಚ್ಚರ. ಅಲ್ಲಿ ಮೊದಲು ಸಿಗುವ ಡಾಲರ್-ರೂಪಾಯಿ ಚಾರ್ಟ್ ಸ್ಪಾಟ್ ದರದ್ದು, ಅಂದರೆ ಈಗ ಕೊಂಡು ಮಾರುವ ದರದ್ದು. ಎನ್‌ಎಸ್‌ಇ ಫ್ಯೂಚರ್ಸ್‌ನಲ್ಲಿ ಎರಡು ದೇಶಗಳ ಬಡ್ಡಿಯ ವ್ಯತ್ಯಾಸ ಸೇರಿರುವುದರಿಂದ ದರ ಸಾಮಾನ್ಯವಾಗಿ ಅದಕ್ಕಿಂತ ಮೇಲಿರುತ್ತದೆ. ಸ್ಪಾಟ್ ಚಾರ್ಟ್ ನೋಡಿ ಫ್ಯೂಚರ್ಸ್‌ನಲ್ಲಿ ಸ್ಟಾಪ್ ಹಾಕಿದರೆ ಲೆಕ್ಕ ತಪ್ಪುತ್ತದೆ. ತಿಂಗಳ ಎಕ್ಸ್‌ಪೈರಿ (ಕರಾರು ಮುಗಿಯುವ ದಿನ) ದಾಟಿದಾಗ ಫ್ಯೂಚರ್ಸ್ ಚಾರ್ಟಿನಲ್ಲಿ ಕಾಣುವ ಜಿಗಿತವೂ ಇದರದ್ದೇ, ಅದು ಮಾರುಕಟ್ಟೆ ಏರಿದ್ದಲ್ಲ.

ತಾನಾಗಿಯೇ ಟ್ರೇಡ್ ಮಾಡುವ ಪ್ರೋಗ್ರಾಂ, ಅಂದರೆ ರೋಬೋಟ್, ಬರೆಸಿಕೊಂಡವರಿಗೆ ಬೇಜಾರಿನ ಸುದ್ದಿ. ಮೆಟಾಟ್ರೇಡರ್ ನಾಲ್ಕರ ಕೋಡ್ ಐದರಲ್ಲಿ ಹಾಗೇ ಓಡುವುದಿಲ್ಲ, ಸಿಟ್ರೇಡರ್‌ಗೆ ಸಿ ಶಾರ್ಪ್ ಭಾಷೆ, ಟ್ರೇಡಿಂಗ್‌ವ್ಯೂಗೆ ಪೈನ್ ಭಾಷೆ. ಎಲ್ಲಿಗೆ ಹೋದರೂ ಮತ್ತೆ ಬರೆಸಬೇಕು. ನಿಮ್ಮ ಪ್ರೋಗ್ರಾಂ ನೇರವಾಗಿ ಆರ್ಡರ್ ಕಳಿಸಲು ಇಲ್ಲಿನ ಬ್ರೋಕರ್ ಕೊಡುವ ಎಪಿಐ ಬಳಸುವುದಾದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2025ರ ಫೆಬ್ರವರಿಯಲ್ಲಿ ಸಣ್ಣ ಹೂಡಿಕೆದಾರರ ಆಲ್ಗೋ (ಪ್ರೋಗ್ರಾಂ ಮೂಲಕ ಮಾಡುವ ಟ್ರೇಡ್) ಬಗ್ಗೆ ಹೊರಡಿಸಿದ ಸುತ್ತೋಲೆ ಓದಿಕೊಂಡೇ ಶುರುಮಾಡಿ.

ಪರೀಕ್ಷೆ ಮಾಡಲು ನಕಲಿ ದುಡ್ಡಿನ ಡೆಮೊ ಖಾತೆ ನಂಬಬೇಡಿ. ಡೆಮೊದಲ್ಲಿ ಎಲ್ಲ ಆರ್ಡರ್ ತಕ್ಷಣ ತುಂಬುತ್ತದೆ, ನಿಜದಲ್ಲಿ ಎದುರಿಗೆ ಕೊಳ್ಳುವವನು ಬೇಕು. ಹೆಡ್ಜ್ ಮಾಡಲು, ಅಂದರೆ ದರದ ಏರಿಳಿತದಿಂದ ರಕ್ಷಿಸಿಕೊಳ್ಳಲು, ವ್ಯವಹಾರ ಇದ್ದವರು ಒಂದೇ ಲಾಟ್‌ನಲ್ಲಿ, ರಿಸರ್ವ್ ಬ್ಯಾಂಕ್ ಬಡ್ಡಿ ದರ ಹೇಳುವ ಬೆಳಿಗ್ಗೆ, ಒಳಗೆ ಹೋಗಿ ಹೊರಗೆ ಬಂದು ನೋಡಿ. ಹೊರಗೆ ಬರುವುದನ್ನೇ ಹೆಚ್ಚು ಗಮನಿಸಿ. ಆ್ಯಪ್ ಸ್ಟಕ್ ಆದರೆ ಫೋನ್ ಮಾಡಿ ಸ್ಕ್ವೇರ್ ಆಫ್ (ಸೌದಾ ಮುಗಿಸುವುದು) ಮಾಡಿಸುವ ನಂಬರ್ ಇದೆಯಾ, ಅಲ್ಲಿ ಯಾರಾದರೂ ಎತ್ತುತ್ತಾರಾ? ಕುರ್ಲಾ ದಾಟುವಾಗ ಲೋಕಲ್‌ನಲ್ಲಿ ನೆಟ್ ಹೋದವರಿಗೆ ಇದರ ಬೆಲೆ ಗೊತ್ತು.

ಹಳೆಯ ವಿದೇಶಿ ಖಾತೆ ಇದ್ದರೆ, ಮುಚ್ಚುವ ಮುಂಚೆ ಹಿಸ್ಟರಿ ಟ್ಯಾಬ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಪೂರ್ತಿ ರಿಪೋರ್ಟ್ ಸೇವ್ ಮಾಡಿಕೊಳ್ಳಿ. ಬ್ರೋಕರ್ ಲಾಗಿನ್ ನಿಲ್ಲಿಸಿದ ಮೇಲೆ ಅದು ನಿಮಗೆ ಸಿಗುವುದಿಲ್ಲ. ಅಲ್ಲಿ ಉಳಿದ ದುಡ್ಡನ್ನು ತರುವ ಮುಂಚೆ, ಫೆಮಾ ಗೊತ್ತಿರುವ ಸಿಎ ಒಬ್ಬರಿಗೆ ಆ ರಿಪೋರ್ಟ್ ತೋರಿಸಿ.