ಮನೆಯಲ್ಲೇ ವೋಟು ಹಾಕುವ ಹಿರಿಯರಿಗೆ ಗುರುತಿನ ನಿಯಮ ಎಲ್ಲಿ ತೊಡಕಾಗುತ್ತದೆ?

2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಅಜ್ಜಿ ಜಗಳೂರು ತಾಲ್ಲೂಕಿನ ನಮ್ಮೂರಲ್ಲಿ, ಪಡಸಾಲೆಯಲ್ಲೇ ಕೂತು ವೋಟು ಹಾಕಿದರು. ಮಾರನೇ ವರ್ಷ ಲೋಕಸಭೆ ಚುನಾವಣೆ ಬಂತು. ಅದೇ ಅಜ್ಜಿ, ಅದೇ ಪಡಸಾಲೆ, ಮಂಡಿನೋವು ಮಾತ್ರ ಇನ್ನೂ ಜಾಸ್ತಿ. ಆದರೆ ಈ ಸಲ ಮನೆಗೆ ಯಾರೂ ಬರಲಿಲ್ಲ. 2024ರ ಮಾರ್ಚ್ 1ರಂದು ನಿಯಮ ಬದಲಾಗಿತ್ತು. ಮನೆಯಿಂದ ಮತದಾನಕ್ಕೆ ಇದ್ದ 80 ವರ್ಷದ ಗಡಿ 85ಕ್ಕೆ ಏರಿತ್ತು. ಮತದಾರರ ಪಟ್ಟಿಯಲ್ಲಿ ಅಜ್ಜಿಯ ವಯಸ್ಸು 82.

ದಾವಣಗೆರೆಯಲ್ಲಿ ಜೊತೆಗೆ ಕೂತು ಓದುವ ಗೆಳೆಯರಿಗೆ ಈ ಪಾಠ ವಿವರಿಸುವಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಮತಗಟ್ಟೆಗೆ ಹೋಗದೆ ಅಂಚೆ ಮತಪತ್ರದಲ್ಲಿ ವೋಟು ಹಾಕಲು ಅವಕಾಶ ಇರುವವರು ‘ಗೈರುಹಾಜರಿ ಮತದಾರರು’. ಪುಸ್ತಕದಲ್ಲಿ ಅದು ಎರಡು ಸಾಲಿನ ವ್ಯಾಖ್ಯೆ. ಮನೆಯಲ್ಲಿ ಅದು ಒಂದು ಕಬ್ಬಿಣದ ಟ್ರಂಕು, ಅದರೊಳಗೆ ಒಂದು ಪ್ಲಾಸ್ಟಿಕ್ ಕವರು, ಆ ಕವರಿನಲ್ಲಿ ಒಂದಕ್ಕೊಂದು ಹೊಂದದ ನಾಲ್ಕು ಕಾಗದ.

ಮೊದಲು ನಿಯಮ

ಇದಕ್ಕೆ ಆಧಾರ 1961ರ ಚುನಾವಣೆ ನಡೆಸುವ ನಿಯಮಗಳು. 2019ರ ಅಕ್ಟೋಬರ್‌ನಲ್ಲಿ ಇದಕ್ಕೆ ತಿದ್ದುಪಡಿ ತಂದು, 80 ದಾಟಿದವರನ್ನೂ ಅಂಗವಿಕಲರನ್ನೂ ಗೈರುಹಾಜರಿ ಮತದಾರರ ಗುಂಪಿಗೆ ಸೇರಿಸಿದರು. ಅದೇ ವರ್ಷ ಜಾರ್ಖಂಡ್‌ನ ಕೆಲವು ಕ್ಷೇತ್ರಗಳಲ್ಲಿ ಇದನ್ನು ಮೊದಲು ಜಾರಿಗೆ ತಂದರು. ಕರ್ನಾಟಕದ ವಿಧಾನಸಭೆ ಸಾರ್ವತ್ರಿಕ ಚುನಾವಣೆಗೆ ಬಂದಿದ್ದು 2023ರಲ್ಲಿ. 2024ರಲ್ಲಿ ಲೋಕಸಭೆ ಚುನಾವಣೆಗೂ ದೇಶದ ಎಲ್ಲ ಕಡೆ ಬಂತು. ಈಗ ಹಿರಿಯರಾದರೆ 85 ದಾಟಿರಬೇಕು, ಅಂಗವಿಕಲರಾದರೆ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರಬೇಕು.

ಅರ್ಜಿಯ ಹೆಸರು ನಮೂನೆ 12ಡಿ. ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನೆಗೇ ತಂದುಕೊಡುತ್ತಾರೆ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ಅದು ತುಂಬಿ ವಾಪಸ್ ಸೇರಬೇಕು. ಈ ಐದು ದಿನವನ್ನು ಸುಮ್ನೆ ಓದಿ ದಾಟಬೇಡಿ. 2024ರಲ್ಲಿ ಚಿತ್ರದುರ್ಗ ಕ್ಷೇತ್ರದ ಮತದಾನ ಏಪ್ರಿಲ್ 26ಕ್ಕೆ, ದಾವಣಗೆರೆಯದು ಮೇ 7ಕ್ಕೆ ಇತ್ತು. ಅರ್ಜಿಯ ಗಡುವು ಎರಡು ಕಡೆಯೂ ಸುಮಾರು ಮೂರು ವಾರ ಮೊದಲೇ ಮುಗಿದಿತ್ತು. ಮತದಾನಕ್ಕೆ ಹತ್ತು ದಿನ ಇರುವಾಗ ಅಜ್ಜ ಬಚ್ಚಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದರೆ? 90 ವರ್ಷ ಆಗಿದ್ದರೂ ಆಗ ದಾರಿ ಇಲ್ಲ.

ಇನ್ನೊಂದು ಸಂಗತಿ ಪರೀಕ್ಷೆಯಲ್ಲೂ ಕೇಳಬಹುದು, ಮನೆಯಲ್ಲೂ ಗೊತ್ತಿರಬೇಕು. 12ಡಿ ಒಪ್ಪಿಗೆಯಾದ ಕೂಡಲೇ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ‘ಪಿಬಿ’, ಅಂದರೆ ಪೋಸ್ಟಲ್ ಬ್ಯಾಲೆಟ್, ಎಂದು ಗುರುತು ಹಾಕುತ್ತಾರೆ. ಆಮೇಲೆ ಅವರು ಮತಗಟ್ಟೆಗೆ ಹೋಗಿ ವೋಟು ಹಾಕುವಂತಿಲ್ಲ. ವೋಟು ಹಾಕಿಸಲು ಮನೆಗೆ ಬರುವ ಅಧಿಕಾರಿಗಳ ತಂಡ ಮೊದಲ ಸಲ ಬಂದಾಗ ಮನೆಯಲ್ಲಿ ಇಲ್ಲದಿದ್ದರೆ ಎರಡನೇ ಸಲ ಬರುತ್ತಾರೆ. ಆಗಲೂ ಸಿಗದಿದ್ದರೆ ಆ ವೋಟು ಹೋದಂತೆಯೇ.

ಪಡಸಾಲೆಯಲ್ಲಿ ನಡೆದದ್ದು

2023ರಲ್ಲಿ ನಾನು ಅಲ್ಲೇ ಇದ್ದೆ. ಇಬ್ಬರು ಮತಗಟ್ಟೆ ಅಧಿಕಾರಿಗಳು, ಎಲ್ಲವನ್ನೂ ಗಮನಿಸುವ ಒಬ್ಬ ಮೈಕ್ರೋ ಅಬ್ಸರ್ವರ್, ಒಬ್ಬ ಪೊಲೀಸ್, ವಿಡಿಯೋ ತೆಗೆಯುವ ಹುಡುಗ. ರಟ್ಟಿನ ಮರೆಯನ್ನು ಮಣೆಯ ಮೇಲೆ ನಿಲ್ಲಿಸಿದರು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ಮದುವೆ ಮನೆಗೆ ಹೊರಟವರ ಹಾಗೆ ನೆಟ್ಟಗೆ ಕೂತರು.

ವೋಟರ್ ಕಾರ್ಡ್ ಕೊಟ್ಟೆವು. ಫೋಟೊ ಇಪ್ಪತ್ತು ವರ್ಷ ಹಳೆಯದು. ಅದರಲ್ಲಿರುವ ಹೆಂಗಸಿಗೆ ತಲೆತುಂಬ ಕಪ್ಪು ಕೂದಲು, ತುಂಬಿದ ಕೆನ್ನೆ. ಅಧಿಕಾರಿ ಒಮ್ಮೆ ಕಾರ್ಡ್ ನೋಡಿದರು, ಒಮ್ಮೆ ಅಜ್ಜಿಯ ಮುಖ ನೋಡಿದರು. “ಅಜ್ಜಿ, ಆಧಾರ್ ಐತೇನ್ರಿ?” ಎಂದು ಕೇಳಿದರು. ತಂದುಕೊಟ್ಟೆವು. ಅದರಲ್ಲಿ ಫೋಟೊ ಸರಿ ಇತ್ತು, ಹೆಸರು ಬೇರೆ ಥರ ಇತ್ತು. ಒಂದರಲ್ಲಿ ಹೆಸರಿನ ಕೊನೆಗೆ ‘ಅಕ್ಕ’, ಇನ್ನೊಂದರಲ್ಲಿ ‘ಅಮ್ಮ’. ಅವರು ಗಂಡನ ಹೆಸರು ಕೇಳಿದರು, ಮನೆ ನಂಬರ್ ತಾಳೆ ನೋಡಿದರು, ಊರಿನ ಬಿಎಲ್‌ಒ ಕಡೆ ತಿರುಗಿದರು. ಬಿಎಲ್‌ಒ ಹೌದೆಂದು ತಲೆಯಾಡಿಸಿದರು. ಎರಡು ನಿಮಿಷದಲ್ಲಿ ಬಗೆಹರಿಯಿತು.

ಈ ಎರಡು ನಿಮಿಷವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅಮೆರಿಕದ ಟೆಕ್ಸಸ್ ರಾಜ್ಯದ ಮಾತು ಬಂದಾಗ ಬೇಕಾಗುತ್ತದೆ.

ಅಜ್ಜಿ ಗುರುತು ಹಾಕಿದ ಮೇಲೆ ಮತಪತ್ರ ಒಳಲಕೋಟೆಗೆ ಹೋಯಿತು, ಅದು ನಮೂನೆ 13ಬಿ. ಜೊತೆಗೆ ಘೋಷಣೆ, 13ಎ. ಅದಕ್ಕೆ ಅಜ್ಜಿಯ ಹೆಬ್ಬೆಟ್ಟು, ಅಧಿಕಾರಿಯ ದೃಢೀಕರಣ. ಎರಡನ್ನೂ ಹೊರಲಕೋಟೆ 13ಸಿಯಲ್ಲಿ ಇಟ್ಟು ಅಂಟಿಸಿದರು. ಎಣಿಕೆಯ ದಿನ ಮೊದಲು ನೋಡುವುದು ಈ ಘೋಷಣೆಯನ್ನೇ. ಅದು ಇಲ್ಲದಿದ್ದರೆ, ಸಹಿ ಅಥವಾ ದೃಢೀಕರಣ ಸರಿಯಿಲ್ಲದಿದ್ದರೆ, ಮತಪತ್ರದ ಕ್ರಮಸಂಖ್ಯೆ ಹೊಂದದಿದ್ದರೆ ಒಳಲಕೋಟೆಯನ್ನು ತೆರೆಯುವುದೇ ಇಲ್ಲ.

ಯಾವ ಕಾಗದ ನಡೆಯುತ್ತದೆ

ವೋಟರ್ ಕಾರ್ಡ್, ಅಂದರೆ ಎಪಿಕ್, ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ 1993ರಲ್ಲಿ ಶುರುವಾಯಿತು. ಅದು ಇಲ್ಲದಿದ್ದರೆ ಬೇರೆ ದಾಖಲೆ ತೋರಿಸಬಹುದು. ನಮ್ಮ ಹಳ್ಳಿಗಳ ಹಿರಿಯರ ಹತ್ತಿರ ನಿಜವಾಗಿ ಇರುವವು ಇಷ್ಟು: ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್. ಪ್ಯಾನ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಕೂಡ ಪಟ್ಟಿಯಲ್ಲಿವೆ. ಆದರೆ 85 ವರ್ಷದ ರೈತ ಮಹಿಳೆಯ ಹತ್ತಿರ ಅವೆಲ್ಲ ಎಲ್ಲಿಂದ ಬರಬೇಕು, ಅಲ್ವಾ?

ರೇಷನ್ ಕಾರ್ಡ್ ಈ ಪಟ್ಟಿಯಲ್ಲಿ ಇಲ್ಲ. ಮನೆಯವರು ಮೊದಲು ಹುಡುಕಿ ತರುವುದು ಅದನ್ನೇ. ಬಿಎಲ್‌ಒ ಕೊಡುವ ಚೀಟಿಯೂ 2019ರಿಂದ ಒಂದೇ ಸಾಕಾಗುವುದಿಲ್ಲ. “ಚೀಟಿ ಐತಲ್ಲ, ಸಾಕು” ಅಂದುಕೊಂಡು ಮತಗಟ್ಟೆಗೆ ಹೊರಡುವವರು ಈಗಲೂ ಇದ್ದಾರೆ.

ಸಮಾಧಾನದ ವಿಷಯವೂ ಇದೆ. ಎಪಿಕ್‌ನಲ್ಲಿ ಸಣ್ಣಪುಟ್ಟ ಅಕ್ಷರ ತಪ್ಪು ಇದ್ದರೆ ಅದನ್ನು ದೊಡ್ಡದು ಮಾಡಬಾರದು ಎಂದು ಚುನಾವಣಾ ಆಯೋಗವೇ ಹೇಳಿದೆ. ಫೋಟೊ ಹೊಂದದೇ ಇದ್ದರೆ ಮಾತ್ರ ಬೇರೆ ದಾಖಲೆ ಬೇಕು. ಇಲ್ಲಿ ಬೆರಳಚ್ಚಿನ ಯಂತ್ರವೂ ಇಲ್ಲ. ಇದನ್ನು ಹಿರಿಯರಿಗೆ ಬಿಡಿಸಿ ಹೇಳಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಬರಲಿಲ್ಲ ಎಂದು ವಾಪಸ್ ಬಂದ ಅನುಭವ ಅವರಿಗಿದೆ. ಜೀವನವೆಲ್ಲ ಕಳೆ ಕಿತ್ತ ಬೆರಳಲ್ಲಿ ಗೆರೆ ಉಳಿದಿರುವುದಿಲ್ಲ. “ನನ್ ಬೆಟ್ಟು ಬರಲ್ಲಪ್ಪ, ವೋಟಿಗೆ ಹೋಗಿ ಏನ್ ಮಾಡ್ಲಿ” ಎಂದು ನಮ್ಮ ಪಕ್ಕದ ಮನೆಯ ಅಜ್ಜಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಇಲ್ಲದ ನಿಯಮಕ್ಕೆ ಹೆದರಿ ಮನೆಯಲ್ಲಿ ಉಳಿದರೆ ಅದೂ ಕಳೆದುಹೋದ ವೋಟೇ.

ಟೆಕ್ಸಸ್ ಯಾಕೆ ಓದಬೇಕು

ಅಮೆರಿಕದ ಟೆಕ್ಸಸ್‌ನಲ್ಲಿ 65 ದಾಟಿದವರು ಅಂಚೆ ಮೂಲಕ ವೋಟು ಹಾಕಬಹುದು. 2021ರಲ್ಲಿ ಅಲ್ಲಿ ಎಸ್‌ಬಿ 1 ಎಂಬ ಕಾನೂನು ಬಂತು. ಅಂಚೆ ಮತಕ್ಕೆ ಅರ್ಜಿ ಹಾಕುವಾಗ ಒಮ್ಮೆ, ಮತಪತ್ರದ ಲಕೋಟೆ ಕಳಿಸುವಾಗ ಇನ್ನೊಮ್ಮೆ ಡ್ರೈವಿಂಗ್ ಲೈಸೆನ್ಸ್ ನಂಬರ್ ಅಥವಾ ಅಲ್ಲಿನ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಬರೆಯಬೇಕು. ಅದು ಮತದಾರರ ನೋಂದಣಿಯ ದಾಖಲೆಯಲ್ಲಿರುವ ನಂಬರಿಗೆ ಹೊಂದಬೇಕು.

ಕೇಳಲು ಸುಲಭ. ಆದರೆ ಒಬ್ಬ ಅಜ್ಜ ನಲವತ್ತು ವರ್ಷದ ಹಿಂದೆ ನೋಂದಾಯಿಸಿದಾಗ ಕೊಟ್ಟಿದ್ದು ಯಾವ ನಂಬರು? ಲೈಸೆನ್ಸಿನದೋ, ಸೋಷಿಯಲ್ ಸೆಕ್ಯುರಿಟಿಯದೋ? ಅವರಿಗೆ ನೆನಪಿಲ್ಲ. ಬರೆದ ನಂಬರು ಅವರದ್ದೇ, ಸರಿಯಾದದ್ದೇ. ಆದರೂ ಕಡತದಲ್ಲಿರುವುದು ಇನ್ನೊಂದಾದರೆ ಹೊಂದುವುದಿಲ್ಲ. ಸಾಲದ್ದಕ್ಕೆ, ನಂಬರ್ ಬರೆಯುವ ಜಾಗ ಲಕೋಟೆಯ ಮಡಿಕೆಯ ಕೆಳಗಿತ್ತು. ತುಂಬ ಜನ ಅದನ್ನು ನೋಡದೆ ಖಾಲಿ ಬಿಟ್ಟು ಅಂಟಿಸಿಬಿಟ್ಟರು.

2022ರ ಮಾರ್ಚ್ 1ರ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆಯಲ್ಲಿ ಹೆಚ್ಚುಕಡಿಮೆ 25,000 ಅಂಚೆ ಮತಗಳು ತಿರಸ್ಕೃತವಾದವು, ಅಂದರೆ ಶೇ 12ರಷ್ಟು. 2020ರಲ್ಲಿ ಇದು ಶೇ 1ರ ಆಸುಪಾಸಿನಲ್ಲಿತ್ತು. ಜನರಿಗೆ ತಿಳಿಹೇಳಿ, ತಿದ್ದಿಕೊಳ್ಳುವ ದಾರಿ ಬಳಕೆಗೆ ಬಂದ ಮೇಲೆ 2022ರ ನವೆಂಬರ್‌ಗೆ ಶೇ 3ಕ್ಕಿಂತ ಕೆಳಗಿಳಿಯಿತು. ಇಳಿಯಿತು ನಿಜ, ಹಳೆಯ ಮಟ್ಟಕ್ಕೆ ಬರಲಿಲ್ಲ.

ಈಗ ಆ ಎರಡು ನಿಮಿಷಕ್ಕೆ ವಾಪಸ್ ಬನ್ನಿ. ನಮ್ಮ ಅಜ್ಜಿಯ ಹೆಸರೂ ಎರಡು ಕಾಗದದಲ್ಲಿ ಎರಡು ಥರ ಇತ್ತು. ಆದರೆ ಎದುರಿಗೆ ಒಬ್ಬ ಮನುಷ್ಯ ಕೂತಿದ್ದರು, ಕೇಳಿದರು, ಉತ್ತರ ಸಿಕ್ಕಿತು. ಟೆಕ್ಸಸ್‌ನ ಅಜ್ಜನ ಮುಂದೆ ಇದ್ದದ್ದು ಲಕೋಟೆ ಮಾತ್ರ. ಅದು ತಪ್ಪನ್ನು ತೋರಿಸಿಕೊಡುವುದಿಲ್ಲ. ನನಗೆ ಈ ಪಾಠದ ತಿರುಳು ಇದೇ ಅನಿಸುತ್ತದೆ. ಗುರುತಿನ ನಿಯಮ ಎಷ್ಟು ಬಿಗಿ ಅನ್ನುವುದಕ್ಕಿಂತ, ಕಾಗದ ಹೊಂದದಿದ್ದಾಗ ಅಲ್ಲೇ ಸರಿಪಡಿಸಲು ಯಾರಾದರೂ ಇದ್ದಾರಾ ಅನ್ನುವುದು ಮುಖ್ಯ. ಹಿರಿಯರ ಕಾಗದಗಳು ಹೊಂದದೇ ಇರುವುದು ಮೋಸದಿಂದ ಅಲ್ಲ. ಒಂದೊಂದು ಕಾಗದವನ್ನೂ ಒಂದೊಂದು ಕಾಲದಲ್ಲಿ, ಒಬ್ಬೊಬ್ಬರು, ಕಿವಿಗೆ ಬಿದ್ದಂತೆ ಬರೆದಿರುತ್ತಾರೆ.

ಇದೇ ಅಮೆರಿಕದ ಇಂಡಿಯಾನಾದಲ್ಲಿ ಬೇರೆ ರೀತಿ. ಅಲ್ಲಿ ಮತಗಟ್ಟೆಗೆ ಬಂದವರಿಗೆ ಫೋಟೊ ಗುರುತು ಕಡ್ಡಾಯ, 2008ರ ಹೊತ್ತಿಗೆ ಅಂಚೆಯಲ್ಲಿ ಕಳಿಸುವವರಿಗೆ ಬೇಕಿರಲಿಲ್ಲ. 2008ರ ಕ್ರಾಫರ್ಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರಲ್ಲಿ ಈ ಕಾನೂನನ್ನು ಎತ್ತಿಹಿಡಿಯಿತು. ತೀರ್ಪು ಬಂದ ಮರುವಾರವೇ ಸೌತ್ ಬೆಂಡ್ ಊರಿನಲ್ಲಿ ಹನ್ನೆರಡರಷ್ಟು ವೃದ್ಧ ಕ್ರೈಸ್ತ ಸನ್ಯಾಸಿನಿಯರು ಫೋಟೊ ಗುರುತು ಇಲ್ಲದೆ ವಾಪಸ್ ಹೋಗಬೇಕಾಯಿತು. ಅವರನ್ನು ತಡೆದ ಮತಗಟ್ಟೆ ಸಿಬ್ಬಂದಿಯೂ ಅದೇ ಮಠದ ಸನ್ಯಾಸಿನಿ. ಪರಿಚಯ ಇದ್ದರೂ ನಿಯಮ ಅವರ ಕೈ ಕಟ್ಟಿತ್ತು. ಹಾಗಾಗಿ ಎದುರಿಗೆ ಮನುಷ್ಯ ಇದ್ದರೆ ಸಾಲದು, ತೀರ್ಮಾನಿಸುವ ಅಧಿಕಾರವೂ ಅವರಿಗಿರಬೇಕು.

ನಮ್ಮಲ್ಲಿ ಹೊರಗೆ ಉಳಿಯುವವರು

ವಯಸ್ಸಿನ ಗಡಿಯೇ ಒಂದು ಗುರುತಿನ ಪರೀಕ್ಷೆ. ನಮ್ಮ ಕಡೆ ಹಳೆಯ ತಲೆಮಾರಿನವರಿಗೆ ಜನನ ಪ್ರಮಾಣಪತ್ರ ಇಲ್ಲ. ಬರದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಊರಿಗೆ ಪ್ಲೇಗ್ ಬಂದ ವರ್ಷ ಎಂದು ಲೆಕ್ಕ. ಪಟ್ಟಿ ಬರೆದವರು ಅಂದಾಜಿಗೆ ಒಂದು ಅಂಕಿ ಹಾಕಿದರು. ಆಗ ಅದಕ್ಕೆ ಬೆಲೆ ಇರಲಿಲ್ಲ, 21 ದಾಟಿದ್ದರೆ ಸಾಕಿತ್ತು. ಈಗ ಅದೇ ಅಂದಾಜು 85ರ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ.

ಇನ್ನು ಮಗನ ಜೊತೆ ಬೆಂಗಳೂರಿನಲ್ಲಿರುವ ಚಳ್ಳಕೆರೆಯ ಅಜ್ಜ. ತಂಡ ಬರುವುದು ಪಟ್ಟಿಯಲ್ಲಿರುವ ವಿಳಾಸಕ್ಕೆ. ಅವರು ಊರಲ್ಲಿ ಇಲ್ಲದೇ ಇದ್ದರೆ ಬಿಎಲ್‌ಒ ತಯಾರಿಸುವ ಗೈರು, ಸ್ಥಳಾಂತರ, ಮೃತರ ಪಟ್ಟಿಗೆ ಹೆಸರು ಸೇರಬಹುದು. ಆಗ ಮತದಾನದ ದಿನ ಕಷ್ಟಪಟ್ಟು ಬಂದರೂ ತಪಾಸಣೆ ಜಾಸ್ತಿ. 70 ವರ್ಷಕ್ಕೆ ಪಾರ್ಶ್ವವಾಯು ಹೊಡೆದು, ಪ್ರಮಾಣಪತ್ರ ಮಾಡಿಸಲು ಜಿಲ್ಲಾ ಆಸ್ಪತ್ರೆವರೆಗೆ ಹೋಗಲಾಗದವರೂ ಇದೇ ಸಾಲಿನವರು. ನನ್ನನ್ನು ಕೇಳಿದರೆ 85ರ ಅಂಕಿಗಿಂತ ನಡೆಯಲು ಆಗುತ್ತದೋ ಇಲ್ಲವೋ ಅನ್ನುವುದನ್ನು ನೋಡಬೇಕಿತ್ತು.

ಓದುತ್ತಿರುವ ನಾವು ಮಾಡಬಹುದಾದ್ದು

ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಈ ಭಾನುವಾರವೇ ಮನೆಯ ಹಿರಿಯರ ಟ್ರಂಕು ತೆಗೆಯಿರಿ. ಪಟ್ಟಿಯಲ್ಲಿ ಹೆಸರು, ವಯಸ್ಸು, ಫೋಟೊ ನೋಡಿ. ತಪ್ಪಿದ್ದರೆ ನಮೂನೆ 8 ಹಾಕಿ. ತಿದ್ದುಪಡಿಗೂ ಅದೇ, ವಿಳಾಸ ಬದಲಾವಣೆಗೂ ಅದೇ, ಬದಲಿ ಕಾರ್ಡಿಗೂ ಅದೇ. ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಿ. ಪಂಚಾಯಿತಿ ಚುನಾವಣೆಯನ್ನು ಇದರ ಜೊತೆ ಕಲಸಬೇಡಿ, ಅದನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ.

2024ರ ಮೇ 7ರಂದು ಅಜ್ಜಿಯನ್ನು ಬೆಳಿಗ್ಗೆ ಏಳಕ್ಕೇ ಆಟೋದಲ್ಲಿ ಕರೆದುಕೊಂಡು ಹೋದೆವು, ಬಿಸಿಲು ಏರುವ ಮೊದಲು. ಶಾಲೆಯ ಇಳಿಜಾರಿನಲ್ಲಿ ಗಾಲಿಕುರ್ಚಿ ತಳ್ಳಿದ್ದು ನಾನು. ಈ ಸಲ ಕವರಿನಲ್ಲಿ ಹೊಸ ಫೋಟೊದ ವೋಟರ್ ಕಾರ್ಡ್ ಇತ್ತು, ಹಿಂದಿನ ವರ್ಷವೇ ನಮೂನೆ 8 ಹಾಕಿ ಮಾಡಿಸಿದ್ದು. ಅಧಿಕಾರಿ ಒಂದೇ ಸಲ ನೋಡಿ ವಾಪಸ್ ಕೊಟ್ಟರು. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.