ಗಡಿನಾಡಿನ ಮಗು ಮನಸ್ಸು ಬಿಚ್ಚುವುದು ಯಾವ ಭಾಷೆಯಲ್ಲಿ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಯ ಮಗು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುತ್ತದೆ, ತರಗತಿಯಲ್ಲಿ ಪುಸ್ತಕದ ಕನ್ನಡ ಕಲಿಯುತ್ತದೆ, ಬಸ್ಸಿನಲ್ಲೂ ಕಚೇರಿಗಳಲ್ಲೂ ಮಲಯಾಳವನ್ನು ಕೇಳುತ್ತದೆ. ಇಂಥ ಮಗು ತನ್ನ ಭಯವನ್ನು, ಬೇಸರವನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು ಎಂಬುದು, ಮಕ್ಕಳ ಮನಃಚಿಕಿತ್ಸೆ ಬೆಳೆದು ಬಂದ ದಾರಿಯನ್ನು ಗಮನಿಸಿದರೆ, ಚಿಕಿತ್ಸೆಯ ಮೊದಲ ಪ್ರಶ್ನೆಯೇ ಆಗಿದೆ.

ಲೈಟ್ನರ್ ವಿಟ್ಮರ್ 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಚಿಕಿತ್ಸಾಲಯ ತೆರೆದಾಗ ಅವನ ಮುಂದೆ ಬಂದ ಮೊದಲಿಗ, ಪದಗಳ ಕಾಗುಣಿತ ಬಾರದ ಒಬ್ಬ ಹುಡುಗ. 1909ರಲ್ಲಿ ಷಿಕಾಗೋದಲ್ಲಿ ವಿಲಿಯಂ ಹೀಲಿ, ಬಾಲ ನ್ಯಾಯಾಲಯಕ್ಕೆ ಬರುತ್ತಿದ್ದ ಮಕ್ಕಳ ತಪ್ಪಿನ ಹಿಂದಿನ ಕಾರಣ ಹುಡುಕತೊಡಗಿದ. ನಿಜವಾದ ತಿರುವು ಬಂದದ್ದು 1920ರ ದಶಕದಲ್ಲಿ. ಬಹುತೇಕ ವಿಷಯಗಳಲ್ಲಿ ಪರಸ್ಪರ ಒಪ್ಪದ ಮನೋವಿಶ್ಲೇಷಕಿಯರಾದ ಮೆಲನಿ ಕ್ಲೈನ್ ಮತ್ತು ಆನಾ ಫ್ರಾಯ್ಡ್ ಇಬ್ಬರೂ, ಮಗುವನ್ನು ದೊಡ್ಡವರಂತೆ ಮಲಗಿಸಿ ಮಾತಾಡಿಸಲಾಗದು ಎಂಬುದನ್ನು ಕಂಡುಕೊಂಡಿದ್ದರು. ಕ್ಲೈನ್ ಪುಟ್ಟ ಆಟಿಕೆಗಳನ್ನು ಮುಂದಿಟ್ಟರೆ, ಆನಾ ಮೊದಲು ಮಗುವಿನ ವಿಶ್ವಾಸ ಗಳಿಸಬೇಕೆಂದರು. 1940ರ ದಶಕದಲ್ಲಿ ವರ್ಜೀನಿಯಾ ಆಕ್ಸ್‌ಲೈನ್ ಇನ್ನೂ ಮುಂದೆ ಹೋಗಿ, ಆಟದ ದಾರಿಯನ್ನು ಮಗುವೇ ನಿರ್ಧರಿಸಲಿ, ಚಿಕಿತ್ಸಕರು ಹಿಂಬಾಲಿಸಲಿ ಎಂದರು.

1960ರ ದಶಕದಲ್ಲಿ ಆರನ್ ಬೆಕ್ ದೊಡ್ಡವರಿಗಾಗಿ ರೂಪಿಸಿದ, ಆಲೋಚನೆ ಮತ್ತು ವರ್ತನೆಗಳನ್ನು ಒಟ್ಟಿಗೆ ತಿದ್ದುವ ವಿಧಾನವನ್ನು ಮುಂದೆ ಮಕ್ಕಳಿಗೂ ಹೊಂದಿಸಲಾಯಿತು. ಸೋಮವಾರ ಬೆಳಗಾದರೆ ಹೊಟ್ಟೆನೋವು ಎನ್ನುವ, ಡಾಕ್ಟರು ನೋಡಿದರೂ ಏನೂ ಸಿಗದ ಮಗುವನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ದೃಷ್ಟಿ ತೆಗೆಯುವುದು, ನೂಲು ಕಟ್ಟಿಸುವುದು ಮೊದಲು ನಡೆಯುತ್ತದೆ. ಅದರಿಂದ ಮನೆಯವರಿಗೆ ಸಮಾಧಾನವಾದರೆ ತಪ್ಪೇನೂ ಇಲ್ಲ, ಆದರೆ ಅಷ್ಟಕ್ಕೇ ನಿಲ್ಲಬಾರದು. ಆಪ್ತಸಮಾಲೋಚಕಿ ಆ ನೋವನ್ನು ನಟನೆ ಎನ್ನುವುದಿಲ್ಲ. ಭಯವಾದಾಗ ಹೊಟ್ಟೆ ನಿಜವಾಗಿಯೂ ನೋಯುತ್ತದೆ ಎಂದು ತಿಳಿಸಿ, ಶಾಲೆಯಲ್ಲಿ ಯಾವುದಕ್ಕೆ ಎಷ್ಟು ಭಯ ಎಂದು ಮಗುವಿನಿಂದಲೇ ಅಂಕ ಹಾಕಿಸುತ್ತಾಳೆ. ಅತಿ ಕಡಿಮೆ ಅಂಕದ ಸಂಗತಿಯಿಂದ, ಉದಾಹರಣೆಗೆ ಅಮ್ಮನ ಜೊತೆ ಗೇಟಿನವರೆಗೆ ಹೋಗಿಬರುವುದರಿಂದ, ಅಭ್ಯಾಸ ಶುರುವಾಗುತ್ತದೆ. ತಂದೆತಾಯಿಗೂ ಇದರಲ್ಲಿ ಕೆಲಸವಿದೆ: ಗದರದೆ, ಹಾಗೆಂದು ಪ್ರತಿಸಲ ರಜೆ ಹಾಕಿಸದೆ ಇರುವುದು.

ಭಾರತದ ಮೊದಲ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ 1937ರಲ್ಲಿ ಮುಂಬೈಯ ಟಾಟಾ ಸಮಾಜಕಾರ್ಯ ಶಾಲೆಯಲ್ಲಿ ಆರಂಭವಾಯಿತು. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು 1982ರಲ್ಲಿ. 2015-16ರ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆಗಳಿರುವುದನ್ನು ದಾಖಲಿಸಿತು. ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಶಾಲೆಗಳಿಗೆ ಆಪ್ತಸಮಾಲೋಚಕರನ್ನು ಒದಗಿಸಿದ್ದು ಶ್ಲಾಘನೀಯವೇ.

ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಸಂವಿಧಾನಕ್ಕೆ ಬಂದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುತ್ತದೆಯೇ ಹೊರತು ಚಿಕಿತ್ಸೆಯ ಬಗ್ಗೆ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಚಿಕಿತ್ಸೆಯ ಮಾಹಿತಿ ಅರ್ಥವಾಗುವ ಭಾಷೆಯಲ್ಲಿ ಸಿಗಬೇಕೆನ್ನುತ್ತದೆ. ಸಮಾಲೋಚನೆಯಲ್ಲಾದರೋ ಮಾತೇ ಮದ್ದು. ಮಲಯಾಳ ಮಾತ್ರ ಬಲ್ಲ ಸಮಾಲೋಚಕರು ಬಂದಾಗ ಯಾರಾದರೂ ಟೀಚರನ್ನು ದುಭಾಷಿಯಾಗಿ ಕೂರಿಸುವುದು ಸುಲಭದ ಉಪಾಯವಾಗಿ ಕಾಣಬಹುದು. ಆ ಟೀಚರು ಅಪ್ಪನ ಪರಿಚಯದವರಾಗಿದ್ದರೆ, ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಆಗಿಯೇ ಇರುತ್ತಾರೆ, ಹದಿನಾಲ್ಕರ ಹುಡುಗಿ ಬಾಯಿ ಬಿಡುವುದಿಲ್ಲ.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯಲ್ಲಿ (14416) ಕನ್ನಡವೂ ಇದೆ, ಹದಿಹರೆಯದವರಿಗೆ ಅದು ಉಪಯುಕ್ತ. ನೆಲದಲ್ಲಿ ಕೂತು ಆಟಿಕೆಗಳೊಂದಿಗೆ ಮಾತಿಗೆ ತೊಡಗಬೇಕಾದ ಆರು ವರ್ಷದ ಮಗುವಿಗೆ ಫೋನು ಸಾಲದು. ಕನ್ನಡ ಬಾರದ ಶಿಕ್ಷಕರ ನೇಮಕದ ವಿರುದ್ಧ ಇಲ್ಲಿ ಹಲವು ಬಾರಿ ಪ್ರತಿಭಟನೆ ನಡೆದಿದೆ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ ಶಾಲೆಗಳಿಗೆ ಕನ್ನಡ, ಸಾಧ್ಯವಾದರೆ ತುಳುವನ್ನೂ ಬಲ್ಲ ಸಮಾಲೋಚಕರು ಬೇಕೆಂಬ ಬೇಡಿಕೆಯೂ ಆ ಪಟ್ಟಿಗೆ ಸೇರಬೇಕು.